ಭೂಕಂಪವೂ ಪುರಸಭೆಗಳೂ

ವಿಪತ್ತು ನಿರ್ವಹಣೆಗೆ ಸಂಬಂಧಿಸಿದ ೨೦೦೫ರ ಕಾಯಿದೆಗೆ ೨೦೨೫ರಲ್ಲಿ ಆದ ತಿದ್ದುಪಡಿಯ ಕಡೆಗೆ ನಮ್ಮ ಪಟ್ಟಣಿಗರ ಲಕ್ಷ್ಯವು ಹೋಗಬೇಕಾದಷ್ಟು ಹೋಗಿರುವಂತೆ ತೋರುವುದಿಲ್ಲ. ಈ ತಿದ್ದುಪಡಿಯ ಪ್ರಕಾರ ರಾಜ್ಯದ ರಾಜಧಾನಿಗೂ, ಮಹಾನಗರಪಾಲಿಕೆಯುಳ್ಳ ಇತರ ನಗರಗಳಿಗೂ ಪ್ರತ್ಯೇಕವಾದ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಾಜ್ಯ ಸರಕಾರವು ರಚಿಸಬಹುದಾಗಿದೆ. ಪಾಲಿಕೆಯ ಕಮಿಶನರರೇ ಅದರ ಅಧ್ಯಕ್ಷರು, ಜಿಲ್ಲಾಧಿಕಾರಿಗಳು ಉಪಾಧ್ಯಕ್ಷರು. ಮೇಲುನೋಟಕ್ಕೆ ಇದು ಇನ್ನೊಂದು ಸಮಿತಿ, ಇನ್ನೊಂದು ನಾಮಫಲಕ, ಇನ್ನೊಂದು ವಾಹನವೆಂದು ಯಾರಾದರೂ ನಕ್ಕರೆ ಅವರನ್ನು ನಾವು ಪೂರ್ತಿಯಾಗಿ ಆಕ್ಷೇಪಿಸಲಾರೆವು. ಆದರೂ ಈ ಏರ್ಪಾಡಿನಲ್ಲಿ ಗಮನಾರ್ಹವಾದ ಒಂದು ಸಂಗತಿಯಿದೆ. ಇದುವರೆಗೆ ವಿಪತ್ತೆಂಬುದು ಜಿಲ್ಲಾಧಿಕಾರಿಯ ಕಚೇರಿಗೆ ಸೇರಿದ ವಿಷಯವಾಗಿದ್ದಿತು. ಮನೆ ಕಟ್ಟುವ ಪರವಾನಿಗೆಯೆಂಬುದು ಪಾಲಿಕೆಗೆ ಸೇರಿದ ವಿಷಯವಾಗಿದ್ದಿತು. ನಕ್ಷೆಗೆ ಸಹಿ ಹಾಕಿದವರು ಒಬ್ಬರು, ಕುಸಿದ ಮನೆಯ ಮುಂದೆ ನಿಂತು ಪರಿಹಾರದ ಮೊತ್ತವನ್ನು ಘೋಷಿಸುವವರು ಇನ್ನೊಬ್ಬರು. ಪ್ರಾಧಿಕಾರವು ರಚಿತವಾದ ನಗರದಲ್ಲಿ ಈ ಎರಡು ಹೊಣೆಗಳೂ ಒಂದೇ ಮೇಜಿನ ಮೇಲೆ ಬಂದು ಕೂಡುವುವು. ‘ಅದು ನಮ್ಮ ಇಲಾಖೆಯದಲ್ಲ’ ಎಂಬ ಸರಕಾರೀ ಮಂತ್ರಕ್ಕೆ ಅಲ್ಲಿ ಎಡೆಯುಳಿಯುವುದಿಲ್ಲ.

ಈ ಕೂಡಿಕೆಯು ಏಕೆ ಅಷ್ಟು ಮಹತ್ವದ್ದೆಂಬುದನ್ನು ತಿಳಿಯಬೇಕಾದರೆ ಭೂಕಂಪದ ವಿಷಯವಾಗಿ ನಮ್ಮ ಜನರ ಮನಸ್ಸಿನಲ್ಲಿ ಬೇರೂರಿರುವ ಒಂದು ಭಾವನೆಯನ್ನು ಮೊದಲು ಪರೀಕ್ಷಿಸಬೇಕು. ೧೯೩೪ರ ಜನವರಿ ೧೫ರಂದು ಬಿಹಾರ ಪ್ರಾಂತದಲ್ಲಿ ಭೂಮಿಯು ಕಂಪಿಸಿ ಮುಂಗೇರ ಪಟ್ಟಣವು ಹಾಳುದಿಬ್ಬವಾದಾಗ, ಇದು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆಯೆಂದು ಮಹಾತ್ಮಾ ಗಾಂಧಿಯವರು ಹೇಳಿದರು. ಪ್ರಕೃತಿಯ ಘಟನೆಗೆ ನೈತಿಕ ಕಾರಣವನ್ನು ಕಲ್ಪಿಸುವುದು ಯುಕ್ತವಲ್ಲವೆಂದು ಕವಿ ರವೀಂದ್ರರು ಬಹಿರಂಗವಾಗಿ ಪ್ರತಿಭಟಿಸಿದರು. ಗಾಂಧಿಯವರು ಆ ಪ್ರತಿಭಟನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚು ಮಾಡಿಸಿದರು. ಆ ಇಬ್ಬರು ಮಹನೀಯರ ವಾದದಲ್ಲಿ ಈಗ ನಾವು ತೀರ್ಪುಗಾರರಾಗಬೇಕಾಗಿಲ್ಲ. ಆದರೆ ನೆಲವು ನಡುಗುವುದಕ್ಕೆ ಮನುಷ್ಯನು ಕಾರಣನಲ್ಲದಿದ್ದರೂ, ನಡುಗಿದಾಗ ಯಾವ ಮನೆಯು ಬೀಳಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ಮನುಷ್ಯನೇ ನಿಶ್ಚಯಿಸುತ್ತಾನೆಂಬುದು ಮುಂದಿನ ವರ್ಷವೇ ಕಣ್ಣಿಗೆ ಕಟ್ಟುವಂತೆ ಸಿದ್ಧವಾಯಿತು.

ಈಗ ಪಾಕಿಸ್ತಾನಕ್ಕೆ ಸೇರಿರುವ ಕ್ವೆಟ್ಟಾ ನಗರವು ೧೯೩೫ರ ಮೇ ೩೧ರ ನಸುಕಿನಲ್ಲಿ ನೆಲಸಮವಾಯಿತು. ಸತ್ತವರ ಸಂಖ್ಯೆ ಮೂವತ್ತು ಸಾವಿರಕ್ಕೆ ಕಡಿಮೆಯಿಲ್ಲ. ಅದೇ ನಗರದಲ್ಲಿ ರೈಲ್ವೆಯವರು ಕೆಲವು ಹೊಸ ವಸತಿಗೃಹಗಳನ್ನು ಕಟ್ಟಿಸಿದ್ದರು. ೧೯೩೧ರಲ್ಲಿ ಮಚ್ ಎಂಬ ಊರಿನ ಭೂಕಂಪದಿಂದ ಎಚ್ಚತ್ತು, ಎಸ್. ಎಲ್. ಕುಮಾರ್ ಎಂಬ ತರುಣ ಭಾರತೀಯ ಇಂಜಿನಿಯರರಿಗೆ ಆ ಕೆಲಸವನ್ನು ಒಪ್ಪಿಸಲಾಗಿತ್ತು. ಅವರು ಹಳೆಯ ರೈಲು ಕಂಬಿಗಳನ್ನೇ ಹಂದರವಾಗಿ ನಿಲ್ಲಿಸಿ ಗೋಡೆಗಳನ್ನು ಅದಕ್ಕೆ ಬಿಗಿದು ಕಟ್ಟಿಸಿದರು. ಸುತ್ತಲಿನ ಊರೆಲ್ಲ ಇಟ್ಟಿಗೆಯ ರಾಶಿಯಾದಾಗ ಆ ಮನೆಗಳು ನಿಂತುಕೊಂಡವು. ಕುಮಾರರು ಇದಕ್ಕೂ ಮುಂಚೆ, ೧೯೩೩ರಲ್ಲಿಯೇ, ತಮ್ಮ ಪದ್ಧತಿಯನ್ನು ಬರೆದು ಪ್ರಕಟಿಸಿ, ಅದರೊಡನೆ ಭಾರತದ ಭೂಕಂಪ ವಲಯಗಳ ಒಂದು ನಕ್ಷೆಯನ್ನೂ ಕೊಟ್ಟಿದ್ದರು. ಪರರಾಜ್ಯದ ಕಾಲದಲ್ಲಿ, ಗುಜರಿಗೆ ಹೋಗತಕ್ಕ ಕಂಬಿಗಳಿಂದ, ನಮ್ಮವನೇ ಆದ ಒಬ್ಬ ಇಂಜಿನಿಯರನು ಸಾಧಿಸಿ ತೋರಿಸಿದ ವಿದ್ಯೆಯಿದು. ಈ ವಿದ್ಯೆಯು ನಮ್ಮಲ್ಲಿಲ್ಲವೆಂದು ಅನಂತರದ ತೊಂಬತ್ತು ವರ್ಷಗಳಲ್ಲಿ ಹೇಳಿದವರು ಸತ್ಯವನ್ನು ಹೇಳಲಿಲ್ಲ.

ಸ್ವಾತಂತ್ರ್ಯಾನಂತರ ೧೯೬೨ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಭೂಕಂಪವನ್ನು ತಾಳುವ ಕಟ್ಟಡಗಳ ರಚನೆಗೆ ಸಂಹಿತೆಯೊಂದನ್ನು ಪ್ರಕಟಿಸಿತು. ಅದನ್ನು ಮತ್ತೆ ಮತ್ತೆ ತಿದ್ದಿ ಪರಿಷ್ಕರಿಸಲಾಯಿತು. ೨೦೦೧ರಲ್ಲಿ ಬಳಕೆಯಲ್ಲಿದ್ದ ನಕ್ಷೆಯಲ್ಲಿ ಕಚ್ಛ ಪ್ರದೇಶವು ಅತ್ಯಂತ ಅಪಾಯದ ಐದನೆಯ ವಲಯದಲ್ಲಿದ್ದಿತು. ಅಲ್ಲಿಯ ಜನರಿಗೆ ನಕ್ಷೆಯ ಅವಶ್ಯಕತೆಯೂ ಇರಲಿಲ್ಲ. ೧೮೧೯ರ ಭೂಕಂಪದಲ್ಲಿ ರಣದ ಮಧ್ಯೆ ನೆಲವೇ ಉಬ್ಬಿ ಮೈಲುಗಟ್ಟಲೆ ಉದ್ದದ ದಿಣ್ಣೆಯೊಂದು ಎದ್ದು ನಿಂತಿದ್ದಿತು. ಅದನ್ನು ಜನರು ‘ಅಲ್ಲಾ ಬಂದ್’ ಎಂದು ಕರೆಯುತ್ತಾರೆ. ೧೯೫೬ರಲ್ಲಿ ಅಂಜಾರ ಪಟ್ಟಣವು ಮತ್ತೊಮ್ಮೆ ಪೆಟ್ಟು ತಿಂದು ನೂರಕ್ಕೂ ಹೆಚ್ಚು ಜನ ಮಡಿದರು. ಇಷ್ಟಾದರೂ ಸಂಹಿತೆಯು ಪುಸ್ತಕದಲ್ಲಿ ಉಳಿಯಿತು. ಪುರಸಭೆಯ ಉಪವಿಧಿಗಳೊಳಗೆ ಸೇರದಿದ್ದುದರಿಂದ ಅದು ಬರಿಯ ಸಲಹೆಯಾಗಿಯೇ ನಿಂತಿತು.

ಆಮೇಲೆ ಬಂದುದು ೨೦೦೧ರ ಜನವರಿ ೨೬. ಬೆಳಿಗ್ಗೆ ಎಂಟೂ ಮುಕ್ಕಾಲು ಗಂಟೆಯ ಸುಮಾರಿಗೆ, ದೇಶವು ಗಣರಾಜ್ಯದ ದಿನವನ್ನು ಆಚರಿಸುತ್ತಿದ್ದಾಗ, ಕಚ್ಛದ ನೆಲವು ನಡುಗಿತು. ಸರಕಾರದ ಲೆಕ್ಕದಂತೆ ೧೩,೮೦೫ ಜನ ಸತ್ತರು. ಭುಜ್ ನಗರದ ಮುಖ್ಯ ಆಸ್ಪತ್ರೆಯೇ ಕುಸಿದುದರಿಂದ ಗಾಯಗೊಂಡವರನ್ನು ಬಯಲಿನಲ್ಲಿ ಮಲಗಿಸಬೇಕಾಯಿತು. ಅಂಜಾರದಲ್ಲಿ ಶಾಲೆಯ ಮಕ್ಕಳು ಧ್ವಜವನ್ನು ಹಿಡಿದು ಹಳೆಯ ಪೇಟೆಯ ಇಕ್ಕಟ್ಟಾದ ಓಣಿಯಲ್ಲಿ ಮೆರವಣಿಗೆ ಹೊರಟಿದ್ದರು. ಎರಡೂ ಮಗ್ಗುಲಿನ ಮನೆಗಳು ಅವರ ಮೇಲೆ ಬಿದ್ದವು. ೧೮೫ ಮಕ್ಕಳು, ೨೦ ಮಂದಿ ಉಪಾಧ್ಯಾಯರು. ಆ ಮಕ್ಕಳು ಮನೆಯ ಒಳಗಿರಲಿಲ್ಲ, ಬೀದಿಯಲ್ಲಿದ್ದರು. ಭೂಕಂಪವಾದಾಗ ಹೊರಗೆ ಓಡಿಬನ್ನಿರೆಂದು ನಾವು ಹೇಳಿಕೊಡುತ್ತೇವೆ. ಓಡಿಬಂದು ನಿಲ್ಲುವುದಕ್ಕೆ ಬೀದಿಯು ಬೀದಿಯಾಗಿರಬೇಕಷ್ಟೆ! ಎಂಟಡಿಯ ಓಣಿಯ ಎರಡು ಕಡೆಗೂ ಮೂರು ಅಂತಸ್ತಿನ ಗೋಡೆಗಳು ನಿಂತಿದ್ದರೆ ಹೊರಗೆ ಒಳಗೆ ಎಂಬ ಭೇದವೇ ಇಲ್ಲ. ಓಣಿಯ ಅಗಲವು ಸಂಚಾರದ ಸೌಕರ್ಯಕ್ಕೋ ಊರಿನ ಅಂದಕ್ಕೋ ಸಂಬಂಧಿಸಿದ ವಿಷಯವೆಂದು ತಿಳಿದಿರುವ ನಮ್ಮ ನಗರಸೇವಕರು ಅಂಜಾರದ ಈ ಸಂಗತಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.

ಕಚ್ಛದ ಮನೆಗಳು ಹಳೆಯವು, ಕಲ್ಲುಮಣ್ಣಿನವು, ಆದಕಾರಣ ಬಿದ್ದವು ಎಂದು ಸಮಾಧಾನ ಮಾಡಿಕೊಳ್ಳುವವರಿಗೆ ಅಹಮದಾಬಾದು ಉತ್ತರ ಹೇಳಿತು. ಭೂಕಂಪದ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಅಧಿಕ ದೂರದಲ್ಲಿರುವ, ಮಧ್ಯಮ ಅಪಾಯದ ಮೂರನೆಯ ವಲಯಕ್ಕೆ ಸೇರಿದ್ದ ಆ ನಗರದಲ್ಲಿ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಕುಸಿದವುಗಳಲ್ಲಿ ಬಹಳಷ್ಟು ಹೊಸ ಕಾಂಕ್ರೀಟು ಕಟ್ಟಡಗಳು; ಮಧ್ಯಮ ವರ್ಗದ ಸಂಸಾರಗಳು ಸಾಲ ಮಾಡಿ ಕೊಂಡ ಬಹುಮಹಡಿಯ ಮನೆಗಳು. ಅವು ಬಿದ್ದ ಬಗೆಯನ್ನು ವಿವರವಾಗಿ ತಿಳಿಯುವುದು ಅವಶ್ಯ, ಏಕೆಂದರೆ ಅದೇ ಬಗೆಯ ಕಟ್ಟಡಗಳು ಇಂದು ಬೆಂಗಳೂರಿನಿಂದ ಬೆಳಗಾವಿಯವರೆಗೆ ಪ್ರತಿಯೊಂದು ಬಡಾವಣೆಯಲ್ಲಿಯೂ ಏಳುತ್ತಿವೆ. ನೆಲ ಅಂತಸ್ತಿನಲ್ಲಿ ಗೋಡೆಗಳಿಲ್ಲ. ವಾಹನ ನಿಲ್ಲಿಸುವುದಕ್ಕೆಂದು ಬರಿಯ ಕಂಬಗಳು. ಅದರ ಮೇಲೆ ಇಟ್ಟಿಗೆಯ ಗೋಡೆಗಳಿಂದ ಬಿಗಿಯಾದ ನಾಲ್ಕೈದು ಅಂತಸ್ತುಗಳು, ಎಲ್ಲದರ ನೆತ್ತಿಗೆ ನೀರಿನ ತೊಟ್ಟಿ. ನೆಲವು ಅಲುಗಾಡಿದಾಗ ಮೇಲಿನ ಭಾಗವು ಒಂದೇ ಪೆಟ್ಟಿಗೆಯಂತೆ ಗಟ್ಟಿಯಾಗಿ ಓಲಾಡುತ್ತದೆ. ಆ ಓಲಾಟದ ಬಲವೆಲ್ಲ ಕೆಳಗಿನ ತೆಳು ಕಂಬಗಳ ಮೇಲೆಯೇ ಬೀಳುತ್ತದೆ. ಕಂಬಗಳು ಮುರಿದು, ಮೇಲಿನ ಮನೆಯು ಇದ್ದ ಹಾಗೆಯೇ ಕೆಳಕ್ಕೆ ಕೂಡುತ್ತದೆ. ಕಂಬದೊಳಗಿನ ಸರಳುಗಳನ್ನು ಸುತ್ತುವ ರಿಂಗುಗಳು ಒತ್ತಾಗಿದ್ದು, ಅವುಗಳ ತುದಿಗಳು ಕಂಬದ ಒಡಲೊಳಕ್ಕೆ ಬಾಗಿದ್ದರೆ ಕಂಬವು ಬಾಗಿಯೂ ಹೊತ್ತು ನಿಲ್ಲಬಲ್ಲದು. ತುದಿಗಳನ್ನು ಸುಮ್ಮನೆ ಮಡಿಸಿ ಬಿಟ್ಟಿದ್ದರೆ ರಿಂಗು ಬಿಚ್ಚಿಕೊಳ್ಳುತ್ತದೆ, ಸರಳು ಹೊರಚಿಮ್ಮುತ್ತದೆ, ಕಾಂಕ್ರೀಟು ಪುಡಿಯಾಗುತ್ತದೆ. ಗೌಂಡಿಯ ಕೈಯಲ್ಲಿ ಅರ್ಧ ಗಳಿಗೆಯ ಕೆಲಸದ ವ್ಯತ್ಯಾಸವಿದು.

ಆದರೆ ಗೌಂಡಿಯೊಬ್ಬನನ್ನೇ ದೂರುವುದು ಅನ್ಯಾಯ. ಹಾಗೆ ಕಟ್ಟುವಂತೆ ಪ್ರೇರಿಸಿದುದು ನಿಯಮವೇ. ನಿವೇಶನದ ವಿಸ್ತೀರ್ಣಕ್ಕೆ ಇಷ್ಟು ಪಟ್ಟು ಮಾತ್ರ ಕಟ್ಟಬೇಕೆಂಬ ಎಫ್.ಎಸ್.ಐ. ಲೆಕ್ಕದಲ್ಲಿ ವಾಹನಕ್ಕೆ ಬಿಟ್ಟ ನೆಲ ಅಂತಸ್ತನ್ನು ಸೇರಿಸುತ್ತಿರಲಿಲ್ಲ. ಮೇಲಿನ ಅಂತಸ್ತುಗಳನ್ನು ಹೊರಕ್ಕೆ ಚಾಚಿ ಕಟ್ಟಲು ಅವಕಾಶವಿದ್ದಿತು. ಕಟ್ಟುವವನು ಲಾಭದ ದಾರಿಯನ್ನು ಹಿಡಿದನು. ಗಾಡಿ ನಿಲ್ಲುವ ತೊಂದರೆಯನ್ನು ನೀಗಲು ಬರೆದ ಉಪವಿಧಿಯು ಹೀಗೆ ನಗರದ ಕಟ್ಟಡಗಳ ಕಾಲುಗಳನ್ನೇ ಸಣ್ಣಗಾಗಿಸಿತು. ಸರದಾರ ವಲ್ಲಭಭಾಯಿ ಪಟೇಲರು ೧೯೨೪ರಿಂದ ೧೯೨೮ರವರೆಗೆ ಅಧ್ಯಕ್ಷರಾಗಿ ದುಡಿದ ಪುರಸಭೆಯದು. ಸ್ಥಾನಿಕ ಸ್ವರಾಜ್ಯವೆಂದರೆ ಏನೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟ ಪುರಸಭೆಗಳಲ್ಲಿ ಒಂದು. ಅಲ್ಲಿಯೇ ಹೀಗಾಯಿತೆಂದ ಮೇಲೆ ಇತರರ ಮಾತೇನು?

ಇದಕ್ಕಿಂತ ಹೆಚ್ಚು ಖೇದಕರವಾದ ಸಂಗತಿಯು ಆ ಮೇಲಿನದು. ಭೂಕಂಪವಾದ ಅದೇ ೨೦೦೧ನೆಯ ವರ್ಷದಲ್ಲಿ ಗುಜರಾತದ ಶಾಸನಸಭೆಯು ಅನಧಿಕೃತ ಕಟ್ಟಡಗಳನ್ನು ಶುಲ್ಕ ತೆಗೆದುಕೊಂಡು ಸಕ್ರಮಗೊಳಿಸುವ ಕಾಯಿದೆಯೊಂದನ್ನು ಮಾಡಿತು. ಹತ್ತು ವರ್ಷಗಳ ತರುವಾಯ ೨೦೧೧ರಲ್ಲಿ ಮತ್ತೊಂದು, ೨೦೨೨ರಲ್ಲಿ ಮಗುದೊಂದು. ನಾವು ಕನ್ನಡಿಗರು ಈ ಕಾರ್ಯದಲ್ಲಿ ಹಿಂದೆ ಬಿದ್ದವರೇನಲ್ಲ. ನಮ್ಮ ‘ಅಕ್ರಮ-ಸಕ್ರಮ’ ಯೋಜನೆಯು ವಾಸದ ಮನೆಗಳಲ್ಲಿ ಶೇಕಡಾ ೫೦ರವರೆಗೂ, ವಾಣಿಜ್ಯ ಕಟ್ಟಡಗಳಲ್ಲಿ ಶೇಕಡಾ ೨೫ರವರೆಗೂ ನಿಯಮದ ಉಲ್ಲಂಘನೆಯನ್ನು ದಂಡ ತೆತ್ತು ಸರಿಪಡಿಸಿಕೊಳ್ಳಬಹುದೆಂದಿತು. ೨೦೧೭ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಇನ್ನೊಂದು ಪ್ರಕರಣದಲ್ಲಿ ೨೦೨೪ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು, ಕಾಲವು ಸಂದುಹೋಯಿತೆಂಬ ಅಥವಾ ಹಣವು ವೆಚ್ಚವಾಯಿತೆಂಬ ಕಾರಣದಿಂದ ಅಕ್ರಮ ಕಟ್ಟಡವು ಸಕ್ರಮವಾಗಲಾರದೆಂದು ಸ್ಪಷ್ಟವಾಗಿ ನುಡಿಯಿತು. ಇಷ್ಟು ದೂರ ಹೋಗುವ ಆವಶ್ಯಕತೆಯಾದರೂ ಏನಿದ್ದಿತು? ಅಗಲ ಬಿಡಬೇಕಾದ ಜಾಗವನ್ನು ನುಂಗಿ ಕಟ್ಟಿದ ಅಂತಸ್ತಿಗೆ ಖಜಾನೆಯ ಪಾವತಿಯನ್ನು ಅಂಟಿಸಿದರೆ ಕಂಬದೊಳಕ್ಕೆ ಇನ್ನೆರಡು ಸರಳು ಸೇರುವವೇ? ದಂಡ ಕೊಟ್ಟ ಮನೆಯೆಂದು ಗುರುತು ಹಿಡಿದು ಭೂಕಂಪವು ಮುಂದಕ್ಕೆ ಹೋಗುವುದೇ? ಬಡವನು ಒಂದು ಕೋಣೆಯನ್ನು ಹೆಚ್ಚಿಗೆ ಕಟ್ಟಿಕೊಂಡುದಕ್ಕೆ ದಯೆ ತೋರಿಸಬೇಕೆಂಬ ಮಾತು ನಮಗೂ ಒಪ್ಪಿಗೆ. ಆದರೆ ಆ ದಯೆಯು ಇಂಜಿನಿಯರನೊಬ್ಬನನ್ನು ಕಳಿಸಿ ಕಟ್ಟಡವನ್ನು ಪರೀಕ್ಷಿಸಿ ಬಲಪಡಿಸುವುದರಿಂದ ಮೊದಲಾಗಬೇಕೇ ಹೊರತು ಅವನಿಂದ ಹಣವನ್ನು ವಸೂಲು ಮಾಡಿ ಅದೇ ಛಾವಣಿಯ ಕೆಳಗೆ ಮಲಗಿಸುವುದರಿಂದಲ್ಲ.

ಗುಜರಾತದವರಿಂದ ಕಲಿಯತಕ್ಕ ಬೇರೊಂದು ಪಾಠವೂ ಇದೆ; ಅದನ್ನು ಹೇಳದೆ ಬಿಟ್ಟರೆ ನಾವು ಪಕ್ಷಪಾತಿಗಳಾದೇವು. ಭುಜ್ ನಗರದ ಕೋಟೆಯೊಳಗಿನ ಹಳೆಯ ಊರನ್ನು ಮತ್ತೆ ಕಟ್ಟುವಾಗ ಅವರು ಟೌನ್ ಪ್ಲಾನಿಂಗ್ ಸ್ಕೀಮೆಂಬ ಹಳೆಯ ಉಪಾಯವನ್ನು ಕೈಗೆತ್ತಿಕೊಂಡರು. ಇದರಲ್ಲಿ ಸರಕಾರವು ರಸ್ತೆಗಾಗಿ ಯಾರ ಜಮೀನನ್ನೂ ಪೂರ್ತಿಯಾಗಿ ಸ್ವಾಧೀನಪಡಿಸಿಕೊಳ್ಳುವುದಿಲ್ಲ. ಒಂದು ಕೇರಿಯ ಎಲ್ಲ ನಿವೇಶನಗಳನ್ನೂ ಕಾಗದದ ಮೇಲೆ ಒಟ್ಟುಗೂಡಿಸಿ, ಪ್ರತಿಯೊಬ್ಬನಿಂದಲೂ ಸ್ವಲ್ಪ ಸ್ವಲ್ಪ ಭಾಗವನ್ನು ತೆಗೆದುಕೊಂಡು, ಬೀದಿಗಳನ್ನು ಅಗಲಿಸಿ, ಕೊನೆಯಿಲ್ಲದ ಓಣಿಗಳಿಗೆ ಕೊನೆಗಾಣಿಸಿ, ಬಯಲು ಬಿಟ್ಟು, ಉಳಿದುದನ್ನು ಅದೇ ನೆರೆಹೊರೆಯಲ್ಲಿ ಅವರವರಿಗೆ ಹಿಂತಿರುಗಿಸುವುದು. ಭುಜ್‌ನಲ್ಲಿ ಅತಿ ಚಿಕ್ಕ ನಿವೇಶನದವರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ನಿವೇಶನವು ದೊಡ್ಡದಾದಂತೆಲ್ಲ ಕಡಿತದ ಪಾಲೂ ಹೆಚ್ಚುತ್ತ ಹೋಯಿತು. ಹೀಗೆ ಹಳೆಯ ಊರಿನಲ್ಲಿ ಅಗ್ನಿಶಾಮಕ ವಾಹನವು ಹೋಗಬಲ್ಲ ಬೀದಿಗಳಾದವು. ಕುಸಿದ ಆಸ್ಪತ್ರೆಯ ಬದಲಿಗೆ, ನೆಲದ ಅಲುಗಾಟವು ಕಟ್ಟಡಕ್ಕೆ ನೇರವಾಗಿ ತಾಗದಂತೆ ತಳದಲ್ಲಿ ರಬ್ಬರಿನ ದಿಂಬುಗಳನ್ನಿಟ್ಟು ಹೊಸ ಆಸ್ಪತ್ರೆಯನ್ನು ಕಟ್ಟಿದರು. ದೋಷಗಳೂ ಇದ್ದವು. ಸ್ಕೀಮೆಲ್ಲ ಮಾಲಿಕರನ್ನು ಕುರಿತದ್ದು. ಬಾಡಿಗೆಯ ಮನೆಗಳಲ್ಲಿದ್ದವರು ಬಹುಕಾಲ ತಾತ್ಕಾಲಿಕ ಶೆಡ್ಡುಗಳಲ್ಲಿ ಕಳೆಯಬೇಕಾಯಿತು. ಬಾಡಿಗೆದಾರನಿಗೆ ಪಹಣಿಯಿಲ್ಲ, ಪಟ್ಟಾ ಇಲ್ಲ, ಆದುದರಿಂದ ನಕ್ಷೆಯಲ್ಲಿ ಅವನಿಗೆ ಸ್ಥಳವೂ ಇಲ್ಲ. ಆ ಅನುಭವವನ್ನೂ ಗಮನಿಸಿಯೇ ಮುಂದಿನವರು ಹೆಜ್ಜೆಯಿಡಬೇಕು.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ಇಲ್ಲಿ ನೆನೆಯದೆ ಇರುವುದು ಕಷ್ಟ. ಭುಜ್‌ನಲ್ಲಿ ಬಳಸಿದುದು ೧೯೭೬ರ ಕಾಯಿದೆ. ಭೂಕಂಪಕ್ಕೆ ಇಪ್ಪತ್ತೈದು ವರ್ಷ ಮುಂಚೆಯೇ ಆ ಅಧಿಕಾರವಿದ್ದಿತು. ಅದರ ಮೂಲವು ಇನ್ನೂ ಹಳೆಯದು: ಮುಂಬಯಿ ಇಲಾಖೆಯ ೧೯೧೫ರ ನಗರ ಯೋಜನಾ ಕಾಯಿದೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಅದೇ ಇಲಾಖೆಗೆ ಸೇರಿದ್ದವೆಂಬುದನ್ನು ವಾಚಕರು ಮರೆತಿರಲಾರರು. ಈಗ ಕರ್ನಾಟಕದಲ್ಲಿ ನಡೆಯುತ್ತಿರುವ ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿಯೂ ಇಂಥ ಸ್ಕೀಮುಗಳಿಗೆ ಅವಕಾಶವಿದೆ. ಹಳೆಯ ಮೈಸೂರಿನ ದೃಷ್ಟಾಂತವನ್ನಾದರೂ ನೋಡಬಹುದು. ೧೮೯೮ರ ಪ್ಲೇಗು ಬೆಂಗಳೂರಿನ ಪೇಟೆಯ ಕಿರುಗಲ್ಲಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡ ಕಾಲದಲ್ಲಿ ಮಲ್ಲೇಶ್ವರ, ಬಸವನಗುಡಿಗಳು ನೇರವಾದ ಅಗಲ ಬೀದಿಗಳೊಡನೆ ಬೆಳೆದವು. ೧೯೦೩ರಲ್ಲಿ ಮೈಸೂರು ನಗರಕ್ಕೆ ಸುಧಾರಣಾ ಟ್ರಸ್ಟು ಬಂದಿತು. ಆಗಿನವರು ರೋಗಕ್ಕೂ ಬೀದಿಗೂ ಇರುವ ಸಂಬಂಧವನ್ನು ಕಂಡರು. ಅಷ್ಟೇ ಸ್ಪಷ್ಟವಾದ ಇನ್ನೊಂದು ಸಂಬಂಧವನ್ನು ಕಾಣಲು ನಾವು ಏತಕ್ಕೆ ಹೆಣಗಳಿಗಾಗಿ ಕಾಯಬೇಕು?

ನಮ್ಮ ನೆಲವು ಗಟ್ಟಿ, ದಖ್ಖಣದ ಕಲ್ಲು ಅಲುಗುವುದಿಲ್ಲವೆಂಬ ಧೈರ್ಯವನ್ನು ೧೯೯೩ರ ಸೆಪ್ಟೆಂಬರ್ ೩೦ರ ನಸುಕು ಮುರಿಯಿತು. ಗಣಪತಿಯನ್ನು ನೀರಿಗೆ ಬಿಟ್ಟುಬಂದು ಮಲಗಿದ ಕಿಲ್ಲಾರಿ ಮತ್ತು ಸುತ್ತಣ ಹಳ್ಳಿಗಳಲ್ಲಿ ಸುಮಾರು ಎಂಟು ಸಾವಿರ ಜನ ಮತ್ತೆ ಏಳಲಿಲ್ಲ. ಅಂದಿನ ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯ. ೨೦೦೨ರ ಪರಿಷ್ಕರಣದಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು; ಅಪಾಯವಿಲ್ಲವೆನ್ನಬಹುದಾದ ಭಾಗವು ದೇಶದಲ್ಲಿ ಇಲ್ಲವೆಂದು ಒಪ್ಪಿಕೊಂಡಂತಾಯಿತು. ಕಿಲ್ಲಾರಿಯು ಲಾತೂರ ಜಿಲ್ಲೆಯಲ್ಲಿದ್ದರೂ ಬೀದರ, ಕಲಬುರಗಿಗಳ ಹೊಸ್ತಿಲಲ್ಲಿಯೇ ಇದೆ. ಅಲ್ಲಿ ಕೊಂದ ಮನೆಗಳೂ ನಮ್ಮ ಮನೆಗಳೇ: ದುಂಡು ಕಲ್ಲುಗಳನ್ನು ಮಣ್ಣಿನಲ್ಲಿ ಕೂಡಿಸಿದ ದಪ್ಪ ಗೋಡೆ, ಅದರ ಮೇಲೆ ಮಣ್ಣು ಹೇರಿದ ಭಾರವಾದ ಮಾಳಿಗೆ. ಬೇಸಿಗೆಗೆ ತಂಪು, ಭೂಕಂಪಕ್ಕೆ ಸಮಾಧಿ. ೨೦೨೧ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ನೆಲವು ಪದೇ ಪದೇ ನಡುಗಿದಾಗ ಜನರು ಮನೆಗಳನ್ನು ತೊರೆದು ಹೊರಟುದು ಕಿಲ್ಲಾರಿಯ ನೆನಪಿನಿಂದಲೇ. ಅದು ಅಂಜುಬುರುಕುತನವಲ್ಲ. ಇಂಥ ಗೋಡೆಗಳನ್ನು ಕೆಡವಬೇಕಾಗಿಲ್ಲ. ಕಲ್ಲುಗಳ ನಡುವೆ ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದ ಕಲ್ಲುಗಳನ್ನು ಕೂಡಿಸುವುದು, ಬಾಗಿಲ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತಿ ಕಟ್ಟುವ ಒಂದು ಕಾಂಕ್ರೀಟು ಪಟ್ಟಿ, ಮಾಳಿಗೆಯ ಮಣ್ಣಿನ ಭಾರವನ್ನು ಇಳಿಸುವುದು — ಇವು ನಮ್ಮ ಗೌಂಡಿಗಳು ಒಂದು ವಾರದಲ್ಲಿ ಕಲಿಯಬಲ್ಲ ಕೆಲಸಗಳು.

ಇನ್ನು ಭೂಕಂಪವೇ ಇಲ್ಲದೆ ಬೀಳುವ ಕಟ್ಟಡಗಳಿಗೇನು ಹೇಳೋಣ? ೨೦೧೯ರ ಮಾರ್ಚ್ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿಯ ಕಟ್ಟಡವು ಕುಸಿದು ೧೯ ಜನ ಸತ್ತರು. ೨೦೨೪ರ ಅಕ್ಟೋಬರ್ ೨೨ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮತ್ತೊಂದು ಕುಸಿದು ೯ ಜನ ಕೆಲಸಗಾರರು ಮಡಿದರು. ಅಂದು ನೆಲವು ಎಲ್ಲಿಯೂ ಅಲುಗಿರಲಿಲ್ಲ. ತನ್ನ ಭಾರವನ್ನೇ ತಾನು ಹೊರಲಾರದ ಕಟ್ಟಡವನ್ನು ಏಳಗೊಟ್ಟ ವ್ಯವಸ್ಥೆಯು ಕಿಲ್ಲಾರಿಯಂಥ ಒಂದು ಅಲುಗಾಟಕ್ಕೆ ಹೇಗೆ ಉತ್ತರ ಕೊಡುವುದೆಂಬುದನ್ನು ಊಹಿಸಲು ದೊಡ್ಡ ಪಾಂಡಿತ್ಯವೇನೂ ಬೇಕಾಗಿಲ್ಲ.

ಆದುದರಿಂದ ನಗರ ವಿಪತ್ತು ಪ್ರಾಧಿಕಾರಗಳನ್ನು ರಚಿಸುವಾಗ ರಾಜ್ಯ ಸರಕಾರವು ಅವುಗಳನ್ನು ದೋಣಿ, ಹಗ್ಗ, ಕಂಬಳಿಗಳ ದಾಸ್ತಾನು ಇಡುವ ಕಚೇರಿಗಳನ್ನಾಗಿ ಮಾಡಬಾರದು. ಸಂಹಿತೆಯಂತೆ ಕಂಬ-ತೊಲೆಗಳ ಲೆಕ್ಕವನ್ನು ಮಾಡಿದ ಇಂಜಿನಿಯರನ ಸಹಿಯಿಲ್ಲದೆ, ಬೇರೊಬ್ಬನು ಅದನ್ನು ಪರಿಶೀಲಿಸದೆ, ಬಹುಮಹಡಿಯ ಯಾವ ನಕ್ಷೆಗೂ ಪರವಾನಿಗೆ ಸಲ್ಲದೆಂದು ಅಧ್ಯಕ್ಷರಾದ ಕಮಿಶನರರೇ ಆಜ್ಞೆ ಹೊರಡಿಸಲಿ. ತೆರೆದ ನೆಲ ಅಂತಸ್ತಿನ ಮೇಲೆ ಕಟ್ಟುವವರಿಗೆ ಅಲ್ಲಿ ಬಲವಾದ ಗೋಡೆಗಳನ್ನು ಕಟ್ಟಬೇಕೆಂಬ ನಿರ್ಬಂಧವಿರಲಿ. ಕಲಬುರಗಿ, ವಿಜಯಪುರಗಳ ಹಳೆಯ ಪೇಟೆಗಳಲ್ಲಿ ಒಂದೊಂದು ಕೇರಿಯನ್ನಾದರೂ ಆರಿಸಿ ಭುಜ್‌ನ ಮಾದರಿಯ ಸ್ಕೀಮನ್ನು ಮನೆಗಳು ನಿಂತಿರುವಾಗಲೇ ನಡೆಸಿ ನೋಡಲಿ. ಮಾಲಿಕರು ವಿರೋಧಿಸುವರೆಂಬುದನ್ನು ನಾವು ಬಲ್ಲೆವು. ನಿಂತಿರುವ ಮನೆಯಿಂದ ಮೂರು ಅಡಿ ಬಿಟ್ಟುಕೊಡುವುದು ಬಿದ್ದ ಮನೆಯ ನೆಲವನ್ನು ಹಂಚಿಕೊಳ್ಳುವುದಕ್ಕಿಂತ ಬಹಳ ಕಷ್ಟ. ನಗರಸೇವಕರಿಗೆ ಮತಗಳ ಚಿಂತೆ. ಮಾಲಿಕರಿಗೆ ಬಾಡಿಗೆಯ ಚಿಂತೆ. ಆದರೆ ಇಲ್ಲಿ ದೂರಿಕೊಳ್ಳಲು ಪರರ ಆಳ್ವಿಕೆಯಿಲ್ಲ. ಪುರಸಭೆಯು ನಮ್ಮದು, ಉಪವಿಧಿಯು ನಮ್ಮದು, ಓಣಿಯನ್ನು ನುಂಗಿದ ಜಗಲಿಯೂ ನಮ್ಮದೇ.

ಮೊದಲ ಹೆಜ್ಜೆಗೆ ಯಾರ ಜಮೀನೂ ಬೇಡ, ಹೊಸ ಕಾಯಿದೆಯೂ ಬೇಡ. ಪಾಲಿಕೆಯ ಮೇರೆಯೊಳಗಿರುವ ಪ್ರತಿಯೊಂದು ಸರಕಾರೀ ಶಾಲೆಯನ್ನೂ ಆಸ್ಪತ್ರೆಯನ್ನೂ ಈ ವರ್ಷವೇ ಪರೀಕ್ಷೆ ಮಾಡಿಸಿ, ಯಾವುದು ಗಟ್ಟಿ, ಯಾವುದನ್ನು ಬಲಪಡಿಸಬೇಕು, ಯಾವುದನ್ನು ತೆರವು ಮಾಡಬೇಕು ಎಂಬ ಯಾದಿಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಪಾಲಿಕೆಯ ಬಾಗಿಲಿಗೂ ಆಯಾ ಶಾಲೆಯ ಬಾಗಿಲಿಗೂ ಅಂಟಿಸಬಹುದು. ತಮ್ಮ ಮಕ್ಕಳು ಯಾವ ಛಾವಣಿಯ ಕೆಳಗೆ ಕುಳಿತಿದ್ದಾರೆಂಬುದನ್ನು ತಂದೆತಾಯಿಗಳು ಓದಿ ತಿಳಿದ ಮೇಲೆ, ಆಯವ್ಯಯದ ಸಭೆಯಲ್ಲಿ ದುರಸ್ತಿಗೆ ಹಣವಿಲ್ಲವೆಂದು ಹೇಳುವ ಸದಸ್ಯರು ಎಷ್ಟು ಮಂದಿ ಏಳುವರೋ ನೋಡೋಣ.